ನಾಲ್ಕು ಸ್ಟಾಂಪಿನ ಕಾಗದ

ತಿಗನಾರೆಯ ಚನ್ನಮಲ್ಲಮ್ಮನಿಗೆ ಹೊಟ್ಟೆಕಿಚ್ಚು ಮದುವೆಯ ಸೀರೆಯ ಜೊತೆಗೇ ಬಂದದ್ದು. ಹತ್ತೊಂಬತ್ತು ವರ್ಷದಲ್ಲಿ ಆ ಸೀರೆ ಹರಿದು ಕೌದಿಯಾಯಿತು. ಹೊಟ್ಟೆಕಿಚ್ಚು ಮಾತ್ರ ಒಂದು ಎಳೆಯೂ ಬಿಚ್ಚದೆ ಹಾಗೇ ಉಳಿಯಿತು.

ಕಾರಣವಿಲ್ಲದೆ ಏನಲ್ಲ. ಗಂಡ ಸಿದ್ದಮಲ್ಲಪ್ಪನಿಗೆ ಮೊದಲು ಹೆಣ್ಣೆಂದು ಗೊತ್ತಾಗಿದ್ದವಳು ಅವನ ಸೋದರಮಾವನ ಮಗಳು ವಿಶಾಲಾಕ್ಷಮ್ಮ. ಹತ್ತನೇ ತರಗತಿ ಓದಿದ ಹುಡುಗಿಯನ್ನು ಈ ಕಾಡಿನ ಅಂಚಿನ ಒಣಹೊಲಕ್ಕೆ ಕೊಡಲು ಮಾವನಿಗೆ ಕೊನೆಗಳಿಗೆಯಲ್ಲಿ ಮನಸ್ಸಾಗಲಿಲ್ಲ. ಚಾಮರಾಜನಗರದ ನೌಕರಿಯವನೊಬ್ಬನಿಗೆ ಕೊಟ್ಟುಬಿಟ್ಟ. ಆಮೇಲೆ ಹುಡುಕಾಡಿ ದೊಡ್ಡಗಾಜನೂರಿನಿಂದ ತಂದದ್ದು ಚನ್ನಮಲ್ಲಮ್ಮನನ್ನು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತಾನು ಎರಡನೆಯವಳು ಎಂಬುದನ್ನು ಯಾರೂ ಅವಳಿಗೆ ಹೇಳಿ ನೋಯಿಸಲಿಲ್ಲ, ಅವಳೇ ದಿನಾ ಒಂದು ಸಲ ಹೇಳಿಕೊಳ್ಳುತ್ತಿದ್ದಳು.

ಎರಡು ವರ್ಷದ ಹಿಂದೆ, ಎಂಬತ್ತಮೂರರಲ್ಲಿ, ವಿಶಾಲಾಕ್ಷಮ್ಮನ ಗಂಡ ತೀರಿಕೊಂಡ. ಅವಳು ಅಲ್ಲೇ ಚಾಮರಾಜನಗರದಲ್ಲಿ ಬಾಲವಾಡಿ ಟೀಚರಾದಳು. ಮರುವರ್ಷ ಸಿದ್ದಮಲ್ಲಪ್ಪನ ಒಬ್ಬಳೇ ಮಗಳು ಮಂಗಳಳ ಮದುವೆಗೆ ಬಂದಾಗ ಅವಳ ಕೈಯಲ್ಲಿ ವಾಚು ಇತ್ತು. ಸಿದ್ದಮಲ್ಲಪ್ಪ ಅವಳನ್ನು ಎರಡು ಸಲ ಟೈಮು ಕೇಳಿದ. ಮನೆಯ ಗೋಡೆಯ ಮೇಲೆ ಗಡಿಯಾರ ಟಿಕಟಿಕ ಎನ್ನುತ್ತಿರುವಾಗ ಆ ವಾಚಿನ ಟೈಮು ಯಾಕೆ ಬೇಕಿತ್ತು? ಈ ಪ್ರಶ್ನೆಯನ್ನು ಚನ್ನಮಲ್ಲಮ್ಮ ಎಷ್ಟು ಅರೆದಳೆಂದರೆ ಅಷ್ಟು ರಾಗಿ ಬೀಸಿದ್ದರೆ ವರ್ಷಕ್ಕಾಗುವಷ್ಟು ಹಿಟ್ಟಾಗುತ್ತಿತ್ತು.

ಅಲ್ಲಿಂದೀಚೆಗೆ ಗಂಡ ಮನೆಯಲ್ಲಿ ಮಲಗುವುದನ್ನೇ ಬಿಟ್ಟ. ತಿಗನಾರೆಯ ಗಂಡಸರಿಗೆ ಅದಕ್ಕೊಂದು ಒಳ್ಳೆಯ ನೆಪ ಇದ್ದೇ ಇರುತ್ತದೆ. ಬೆಳೆ ಎದ್ದಿತೆಂದರೆ ಕಾಡಿನಿಂದ ಹಂದಿ ಇಳಿಯುತ್ತದೆ, ಆನೆ ಇಳಿಯುತ್ತದೆ. ಹೊಲದ ಹುಣಸೆಮರದ ಮೇಲೆ ಅಟ್ಟಣೆ ಕಟ್ಟಿ, ಕಂಬಳಿ ಹೊದ್ದು ಕಾವಲು ಮಲಗಬೇಕು. ಅದು ಸರಿ. ಆದರೆ ರಾಗಿ ಕೊಯ್ದಾಯಿತು, ಜೋಳ ಕೊಯ್ದಾಯಿತು, ಸಂಕ್ರಾಂತಿಯೂ ಕಳೆಯಿತು, ಸಿದ್ದಮಲ್ಲಪ್ಪ ಮಾತ್ರ ಸಂಜೆಯಾದರೆ ಕಂಬಳಿ ಹೆಗಲಿಗೆ ಹಾಕಿ ಹೊರಡುತ್ತಿದ್ದ. ಕೂಲಿಗೆ ಬರುವ ಪುಟ್ಟಮಾದಿ ಕಾಡಿನ ಹಾಡಿಯವಳು, ಮುಚ್ಚುಮರೆ ಗೊತ್ತಿಲ್ಲದ ನಾಲಿಗೆ. ಅವಳು ಒಂದು ದಿನ ಸಗಣಿ ಬಾಚುತ್ತ ಕೇಳಿಯೇಬಿಟ್ಟಳು.

"ಏನವ್ವ, ನಿಮ್ ಬುದ್ಯೋರು ಕುಯ್ದ ಹೊಲ್ದ ಬರೀ ಕೂಳೆ ಕಾಯ್ತ ಕೂತವ್ರಲ್ಲ? ಕೂಳೆ ತಿನ್ನಕ್ಕ ಆನ ಬಂದದಾ?"

"ಸುಮ್ನ ಕೆಲ್ಸ ನೋಡಮ್ಮಿ," ಎಂದಳು ಚನ್ನಮಲ್ಲಮ್ಮ. ಮುಖ ಕೆಂಡವಾಗಿತ್ತು.

ಅವನು ಸೊರಗುತ್ತಿದ್ದ ಬೇರೆ. ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದ, ಗಳಿಗೆಗೊಮ್ಮೆ ಹಿತ್ತಲಿಗೆ ಎದ್ದು ಹೋಗುತ್ತಿದ್ದ. ಕಾಲುಬೆರಳಿನ ಗಾಯ ಮೂರು ತಿಂಗಳಾದರೂ ಮಾಯ್ದಿರಲಿಲ್ಲ. ಅದನ್ನು ತೋರಿಸಲೆಂದು ಎರಡು ಸಲ ಮೈಸೂರಿಗೆ ಹೋಗಿ ಬಂದ. ಸಕ್ಕರೆ ಕಾಯಿಲೆ ಅಂತೆ, ಮಾತ್ರೆ ಕೊಟ್ಟಿದ್ದಾರಂತೆ. ಮಾತ್ರೆಗಳೇನೋ ಗೂಡಿನಲ್ಲಿದ್ದವು. ಆದರೆ ಮೈಸೂರಿಗೆ ಹೋಗುವ ಬಸ್ಸು ಚಾಮರಾಜನಗರದ ಮೇಲೆಯೇ ಹೋಗುತ್ತದೆ, ಅಲ್ಲಿ ಇಳಿದು ಬೇರೆ ಬಸ್ಸು ಹತ್ತಬೇಕು. ಇಳಿದ ಮನುಷ್ಯ ಹತ್ತುತ್ತಾನೆಂದು ಏನು ಗ್ಯಾರಂಟಿ? ಗಂಡ ಸೊರಗಿದ್ದು ಯಾವ ಕೊರಗಿಗೆ ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು, ಅಂದರೆ ಗೊತ್ತಿದೆಯೆಂದು ಅವಳು ತಿಳಿದಿದ್ದಳು.

ತಾಳವಾಡಿಯ ಸಂತೆಯ ದಿನ ಮಗಳ ಕಾಗದ ಬಂದಿದೆಯೇ ಎಂದು ಕೇಳಲು ಪೋಸ್ಟಾಫೀಸಿಗೆ ಹೋದಳು. ಕಾಗದ ಬಂದಿರಲಿಲ್ಲ. ಆದರೆ ಪೋಸ್ಟ್ ಮಾಸ್ಟರು ನಗುತ್ತ ಹೇಳಿದರು: "ಏನಮ್ಮ, ಎಜಮಾನ್ರು ಈಗ ಭಾರಿ ಕಾಗ್ದ ಬರೀತಾರೆ ಅಂತ ಕಾಣ್ತದೆ! ಮೊನ್ನೆ ಹದಿಮೂರು ಸ್ಟಾಂಪು ತಗೊಂಡ್ರು. ಬಿಡಿ ಮಾಡ್ಬೇಡಿ, ಸಾಲಾಗೇ ಕೊಡಿ ಅಂದ್ರು."

ಚನ್ನಮಲ್ಲಮ್ಮ ಕಿಟಕಿಗೆ ಇನ್ನಷ್ಟು ಹತ್ತಿರ ಸರಿದಳು. "ಒಂದ್ ಕಾಗ್ದಕ್ಕ ಎಷ್ಟು ಸ್ಟಾಂಪು ಬೇಕು ಸ್ವಾಮಿ?"

"ಒಂದು. ಕಾಗ್ದ ತೂಕ ಬಂದ್ರೆ ಎರಡು, ಮೂರು. ನಾಲ್ಕು ಹಚ್ಚಿದ್ರೆ ಅದು ಕಾಗ್ದ ಅಲ್ಲಮ್ಮ, ಕಟ್ಟು."

ಮಗಳಿಗೆ ಬರೆಯುವ ಕಾಗದವನ್ನು ನಾಲ್ಕು ಸಾಲಿನಲ್ಲಿ ಮುಗಿಸುವ ಗಂಡಸು! ಯಾರಿಗೆ ಅಷ್ಟು ತೂಕದ ಮಾತು ಕೂಡಿಟ್ಟಿದ್ದಾನೆ? ಓದಬಲ್ಲವಳಿಗೆ ತಾನೇ?

ಮೂರು ದಿನ ಮನೆಯ ಮೂಲೆಮೂಲೆ ತಡಕಿದಳು. ನಾಲ್ಕನೆಯ ದಿನ ಬುತ್ತಿ ಕೊಂಡುಹೋದಾಗ ಅವನು ಬಾವಿಯ ಹತ್ತಿರ ಎತ್ತು ತೊಳೆಯುತ್ತಿದ್ದ. ಅವಳು ಏಣಿ ಹತ್ತಿ ಅಟ್ಟಣೆಯ ಮೇಲೆ ಹೋದಳು. ಚಾವಣಿಯ ಹುಲ್ಲಿನೊಳಗೆ ಸಿಕ್ಕಿಸಿದ್ದ ಹಲ್ಲುಪುಡಿಯ ಹಳೇ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಸ್ಟಾಂಪು. ನಾಲ್ಕು ನಾಲ್ಕರ ಮೂರು ಸಾಲು. ಒಂದೊಂದು ಸಾಲನ್ನೂ ಮಗುವಿನ ಬಳೆಯ ಹಾಗೆ ಸುತ್ತಿ ತುದಿಗೆ ತುದಿ ಅಂಟಿಸಿತ್ತು. ಒಂದರ ಮೇಲೂ ಕಪ್ಪು ಸೀಲು ಬಿದ್ದಿರಲಿಲ್ಲ. ಅಂದರೆ ಇನ್ನೂ ಹೋಗಬೇಕಾದವು. ಮೂರು ಕಾಗದ, ಒಂದೊಂದಕ್ಕೆ ನಾಲ್ಕು ಸ್ಟಾಂಪು. ಗಾಳಿಗೆ ಹಾರದಿರಲಿ ಎಂದು ಎಷ್ಟು ಜೋಪಾನವಾಗಿ ಸುತ್ತಿಟ್ಟಿದ್ದಾನೆ! ತನಗೆ ಒಂದು ಬಳೆ ತಂದುಕೊಟ್ಟು ಎಷ್ಟು ವರ್ಷವಾಯಿತು?

ಅವಳು ಮೂರನ್ನೂ ಒಂದೊಂದಾಗಿ ಹಿಡಿದು, ಆ ಸಣ್ಣ ತೂತುಗಳ ಗೆರೆಯ ಮೇಲೆ ಚರ್ ಚರ್ ಎಂದು ಹರಿದಳು. ಬಿಸಾಡಲಿಲ್ಲ. ಹರಿದವನ್ನು ಅದೇ ಡಬ್ಬಿಗೆ ಹಾಕಿ ಮುಚ್ಚಿ ಅದೇ ಹುಲ್ಲಿಗೆ ಸಿಕ್ಕಿಸಿದಳು. ನೋಡಲಿ. ಯಾರು ಹರಿದರು ಎಂದು ಕೇಳಲಿ. ಕೇಳಿದರೆ ಹತ್ತೊಂಬತ್ತು ವರ್ಷದ್ದನ್ನೂ ಒಟ್ಟಿಗೆ ಹೇಳಿಬಿಡುತ್ತೇನೆ ಎಂದು ಬಾಯಿ ಸಿದ್ಧ ಮಾಡಿಕೊಂಡು ಕೆಳಗಿಳಿದಳು.

ಅವನು ಕೇಳಲಿಲ್ಲ. ಮಾರನೆಯ ದಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಮೈಸೂರಿಗೆ ಹೋದ. ತಿರುಗಿ ಬಂದವನು ಬೇರೆಯೇ ಮನುಷ್ಯನಾಗಿದ್ದ. ಗಡ್ಡ ಹೆರೆಸಿಕೊಂಡಿದ್ದ. ಕನ್ನಡಿ ಎದುರು ನಿಂತು ವಿಭೂತಿಯನ್ನು ಎರಡು ಸಲ ಇಟ್ಟ. ಹೆಂಡತಿಯ ಕಡೆ ನೋಡಿದ ನೋಟ ಮಾತ್ರ ವಿಚಿತ್ರವಾಗಿತ್ತು. ದನದ ಜಾತ್ರೆಯಲ್ಲಿ ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ತಿಳಿಯದೆ ಹಳೇ ಹಸುವನ್ನು ನೋಡುತ್ತಾರಲ್ಲ, ಹಾಗೆ.

ವಾರ ಕಳೆಯಿತು. ಅವನ ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ಒಂದು ಕವರು ಸಿಕ್ಕಿತು. ಅಂಟಿಸಿದ ಕವರು, ಮೇಲೆ ವಿಳಾಸ, ಮೂಲೆಯಲ್ಲಿ ಒಂದೇ ಒಂದು ಸ್ಟಾಂಪು. ಹದಿಮೂರನೆಯದು. ಚನ್ನಮಲ್ಲಮ್ಮ ಅಂಗಿಯನ್ನು ಕಲ್ಲಿನ ಮೇಲೆಯೇ ಬಿಟ್ಟು, ಒದ್ದೆ ಸೆರಗಿನಲ್ಲೇ ಹೊಲಕ್ಕೆ ಹೋದಳು. ನಡುಮಧ್ಯಾಹ್ನ. ಅವನು ಹುಣಸೆಮರದ ನೆರಳಿನಲ್ಲಿ ಕೂತು ನೊಗದ ಹಗ್ಗ ಹೊಸೆಯುತ್ತಿದ್ದ. ಅವಳು ಕವರನ್ನು ಅವನ ಕಣ್ಣಿನೆದುರು ಹಿಡಿದಳು.

"ಯಾರ್ಗ ಇದು?"

ಅವನು ಸುಳ್ಳು ಹೇಳುತ್ತಾನೆಂದು ಅವಳು ಕಾದಿದ್ದಳು. ಅವನು ಹಗ್ಗ ಕೆಳಗಿಟ್ಟ. "ವಿಶಾಲುಗ," ಎಂದ.

"ಇದು ಎಷ್ಟನೇದು?"

"ಮೊದಲ್ನೇದು. ಬಂದು ಮಾತಾಡ್ಬೇಕು, ಬರ್ಲಾ ಅಂತ ಬರ್ದಿನಿ. ಅಷ್ಟೇಯ. ಪೋಸ್ಟ್ಗ ಆಕಕ್ಕ ಕೈ ಬರ್ನಿಲ್ಲ, ಜೇಬಲ್ಲೇ ಇಟ್ಕಂಡಿದ್ದಿ."

"ಮೊದಲ್ನೇದಾ? ನಾಕ್ ನಾಕು ಸ್ಟಾಂಪ ಸುತ್ತಿಟ್ಟಿದ್ರಲ್ಲ, ಆ ಕಟ್ಟು ಯಾರ್ಗ ಓಯ್ತು? ನಂಗ ಓದಕ್ಕ ಬರದಿಲ್ಲ ದಿಟ, ಲೆಕ್ಕ ಬತ್ತದ!"

ಸಿದ್ದಮಲ್ಲಪ್ಪ ತಲೆ ತಗ್ಗಿಸಿದ. ಮಾತು ಬಂದಾಗ ನೆಲದ ಜೊತೆ ಮಾತಾಡುವವನ ಹಾಗೆ ಬಂತು.

"ಕೂತ್ಕೊಮ್ಮಿ. ಎಲ್ಲ ಏಳ್ತಿನಿ, ಕೇಳು. ಒಂದೂವರೆ ವರ್ಸ ಆಯ್ತು, ನನ್ ಕೈಲಿ ಆಗ್ತಿಲ್ಲ ಕಣ."

"ಏನಾಗ್ತಿಲ್ಲ?"

"ಗಂಡ್ಸು ಅಂತ ಮಗ್ಗುಲ್ಗ ಬರಕ್ಕ ಆಗ್ತಿಲ್ಲ. ಮನಸದ, ಮೈ ಏಳದಿಲ್ಲ. ಅದ್ಕೇ ಈ ಅಟ್ಟಣ ಇಡ್ಕಂಡಿದ್ದು. ನಿಂಗ ಇದ್ನ ಬಾಯ್ಬುಟ್ಟು ಏಳಕ್ಕ ನಾಚ್ಕ ಆಯ್ತು."

ಮೈಸೂರಿನ ಡಾಕ್ಟರಿಗೂ ಎರಡನೆಯ ಸಲವೇ ಹೇಳಲು ಬಾಯಿ ಬಂದದ್ದು. ಆ ಡಾಕ್ಟರು ನಗಲಿಲ್ಲ. ತೊಂದರೆ ಮೈಯದೋ ಮನಸ್ಸಿನದೋ ತಿಳಿಯಬೇಕು, ಅದಕ್ಕೊಂದು ಸುಲಭದ ಪರೀಕ್ಷೆ ಇದೆ ಎಂದಿದ್ದರು. ನಾಲ್ಕು ಸ್ಟಾಂಪಿನ ಸಾಲನ್ನು ಮಲಗುವ ಮುಂಚೆ ಅಲ್ಲಿಗೆ ಉಂಗುರದ ಹಾಗೆ ಸುತ್ತಿ ಅಂಟಿಸಿಕೊಳ್ಳಬೇಕು. ಬೆಳಿಗ್ಗೆ ತೆಗೆದು ಡಬ್ಬಿಗೆ ಹಾಕಬೇಕು. ಮೂರು ರಾತ್ರಿಯದನ್ನೂ ತಂದು ತೋರಿಸಬೇಕು. ಏನಾದರೆ ಏನರ್ಥ ಎಂದು ಮಾತ್ರ ಮೊದಲೇ ಹೇಳಿರಲಿಲ್ಲ. ಸಿದ್ದಮಲ್ಲಪ್ಪ ಹೇಳಿದ ಹಾಗೆ ಮಾಡಿದ. ಲಿಂಗ ಕಟ್ಟಿದ ಮೈಗೆ ಇದೆಂಥ ಕೆಲಸ ಎಂದು ಹೇಸಿ, ನಸುಕಿನಲ್ಲೇ ಮುಖ ತಿರುಗಿಸಿಕೊಂಡು ಸರಿಸಿ ತೆಗೆದು, ನೋಡದೆಯೇ ಡಬ್ಬಿಗೆ ಹಾಕಿದ್ದ.

"ಡಾಕ್ಟ್ರು ಡಬ್ಬಿ ಬಿಚ್ಚಿ ನೋಡಿ ನಕ್ಬುಟ್ರು," ಎಂದ ಸಿದ್ದಮಲ್ಲಪ್ಪ. "ಮೂರೂ ಅರ್ದೋಗವ, ನಿಮ್ ಮೈಗ ಏನೂ ಆಗಿಲ್ಲ, ನಿದ್ದಲಿ ತಾನಾಗೇ ಎದ್ದು ಅರ್ದದ, ಎಲ್ಲ ಸರ್ಯಾಗೇ ಅದ ಅಂದ್ರು. ಕೆಟ್ಟಿರಾದು ಮನಸಂತ. ಮನಲಿ ಎಡ್ತಿ ಜೊತಲಿ ಏನಾರ ಮನಸ್ತಾಪ ಅದ್ಯಾ ಅಂತ ಕೇಳುದ್ರು."

ಅವನು ತಲೆಯೆತ್ತಿದ. "ನಾ ಯೋಚ್ನ ಮಾಡ್ದಿ. ಮೈ ನೆಟ್ಗದ. ನಿನ್ ಜೊತಲಿ ಆಗಲ್ಲ. ಅಂಗಾದ್ರ ಬ್ಯಾರೆ ಕಡ ಆಗ್ಬೈದೇನೋ ಅಂತ. ವಿಶಾಲುವ ಕೂಡಾವಳಿ ಮಾಡ್ಕಂಡ್ರ ಜನ ಏನೂ ಅನ್ನದಿಲ್ಲ. ನಿನ್ನ ಕೈ ಬುಡದಿಲ್ಲ, ಈ ಮನ ನಿಂದೇಯ."

ವಿಧವೆಗೆ ಹೂವು ಮುಡಿಸಿ ಮನೆತುಂಬಿಸಿಕೊಳ್ಳುವ ಕೂಡಾವಳಿ ಅವರಲ್ಲಿ ಇಲ್ಲದ ಪದ್ಧತಿಯೇನಲ್ಲ. ಚನ್ನಮಲ್ಲಮ್ಮನ ಕಿವಿಗೆ ಆ ಪದ ಬಿತ್ತು, ಆದರೆ ಅವಳ ಮನಸ್ಸು ಹಿಂದೆಯೇ ನಿಂತುಬಿಟ್ಟಿತ್ತು, ಡಬ್ಬಿಯ ಹತ್ತಿರ. ಮೂರೂ ಹರಿದಿದ್ದವು. ಹರಿದದ್ದು ನಿದ್ದೆಯಲ್ಲ, ಮೈಯಲ್ಲ, ತನ್ನ ಈ ಎರಡು ಕೈ. ಇಲ್ಲದ ಕಾಗದವನ್ನು ತಡೆಯಲು ಹೋಗಿ ಇರುವ ಕಾಗದವನ್ನು ತಾನೇ ಬರೆಸಿದ್ದಳು.

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಯಾಕೆಂದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಎದ್ದು ಬಂದು ಕೂತಿತ್ತು. ಹೇಳದೇ ಇದ್ದರೆ? ಹೋಗಲಿ ಅವಳ ಹತ್ತಿರ, ಹೂವು ಮುಡಿಸಲಿ, ಬಾಗಿಲು ಹಾಕಿಕೊಳ್ಳಲಿ. ಆಮೇಲೆ ಆ ವಾಚಿನವಳು ಇವನ ಮುಖ ನೋಡಲಿ, ಇವನು ಅವಳ ಮುಖ ನೋಡಲಿ. ಹತ್ತೊಂಬತ್ತು ವರ್ಷದ ಉರಿ ಒಂದೇ ರಾತ್ರಿಯಲ್ಲಿ ತಣ್ಣಗಾಗುತ್ತದೆ. ಆ ಯೋಚನೆ ಎಷ್ಟು ರುಚಿಯಾಗಿತ್ತೆಂದರೆ ಅವಳಿಗೆ ತನ್ನ ಮೇಲೆಯೇ ಭಯವಾಯಿತು.

ಎದುರಿಗೆ ಸಿದ್ದಮಲ್ಲಪ್ಪ ಕೂತಿದ್ದ. ನುಣ್ಣಗೆ ಹೆರೆಸಿದ ಗಡ್ಡ, ನೆಟ್ಟಗೆ ಇಟ್ಟ ವಿಭೂತಿ. ಕಣ್ಣಿನಲ್ಲಿ ಒಂದು ಆಸೆ, ಪರೀಕ್ಷೆ ಪಾಸಾದವನ ಆಸೆ. ಆ ಮುಖ ಇನ್ನೊಬ್ಬಳ ಮನೆಯಲ್ಲಿ ಕುಸಿಯುವುದನ್ನು ನೆನೆದಾಗ ಅವಳ ಹೊಟ್ಟೆಗೆ ಕಿಚ್ಚು ಬಿತ್ತು. ಅವನು ಬೀಳುವುದಾದರೂ ತನ್ನೆದುರಿಗೇ ಬೀಳಲಿ, ಅದನ್ನೂ ಆ ವಾಚಿನವಳಿಗೆ ಬಿಟ್ಟುಕೊಡಬೇಕೇ?

"ಅವ ನಾನ್ ಅರ್ದದ್ದು," ಎಂದಳು.

"ಏನ?"

"ಸ್ಟಾಂಪ. ಡಬ್ಬಿ ತಗ್ದು ನೋಡ್ದಿ. ಮೂರೂ ನೆಟ್ಗೇ ಇದ್ದೊ. ವಿಶಾಲುಗ ಬರ್ಯಾ ಕಾಗ್ದಕ್ಕ ಮಡಿಕಂಡಿದ್ದರಿ ಅಂತ ನಾನೇ ಅರ್ದಾಕ್ದಿ."

ಅವನು ಹೊಡೆಯುತ್ತಾನೆಂದುಕೊಂಡಳು. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಹಗ್ಗವನ್ನು ಕೈಗೆತ್ತಿಕೊಂಡು ಹೊಸೆಯಲು ನೋಡಿದ, ಎಳೆ ಕೂಡಲಿಲ್ಲ. "ಅಂಗಾದ್ರ ಮೈಯೇ ಓಗ್ಬುಟ್ಟದ," ಎಂದ. ಅವಳು ಕವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನ ಚನ್ನಮಲ್ಲಮ್ಮನೇ ತಾಳವಾಡಿಗೆ ಹೋಗಿ ಹನ್ನೆರಡು ಸ್ಟಾಂಪು ತಂದಳು. ಸಾಲಾಗೇ ಕೊಡಿ ಎಂದಳು. ಈ ಸಲ ಮನೆಯಲ್ಲೇ, ಅವಳ ಮಗ್ಗುಲಿನಲ್ಲೇ ಪರೀಕ್ಷೆ ನಡೆಯಿತು. ಮೂರು ಬೆಳಿಗ್ಗೆಯೂ ಇಬ್ಬರೂ ಕಣ್ಣುಬಿಟ್ಟು ನೋಡಿದರು. ಮೂರು ಬೆಳಿಗ್ಗೆಯೂ ಸ್ಟಾಂಪಿನ ಒಂದು ಹಲ್ಲೂ ಬಿಚ್ಚಿರಲಿಲ್ಲ.

ಮೈಸೂರಿಗೆ ಅವಳೂ ಹೋದಳು. ಚಾಮರಾಜನಗರದಲ್ಲಿ ಬಸ್ಸು ಬದಲಿಸುವಾಗ ಗಂಡನ ತೋಳು ಬಿಡಲಿಲ್ಲ. ಡಾಕ್ಟರು ನಡೆದದ್ದನ್ನೆಲ್ಲ ಕೇಳಿ ಮೊದಲು ಗದರಿದರು, ಆಮೇಲೆ ಇನ್ನೂ ಒಂದೆರಡು ಪರೀಕ್ಷೆ ಮಾಡಿಸಿ, ಇಬ್ಬರನ್ನೂ ಕೂರಿಸಿ ವಿವರಿಸಿದರು.

"ನೋಡಿ, ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದ್ದಿರಬೇಕು, ನಿಮಗೆ ಗೊತ್ತಾಗಿಲ್ಲ. ಅದು ನರಗಳನ್ನ ಹಾಳುಮಾಡಿದೆ. ಅಲ್ಲಿಗೆ ರಕ್ತ ಹೋಗೋ ನಾಳಗಳೂ ಕಟ್ಟಿಕೊಂಡಿವೆ. ರಕ್ತ ತುಂಬಿದರೆ ತಾನೇ ಏಳೋದು? ಇದರಲ್ಲಿ ನಿಮ್ಮ ತಪ್ಪೂ ಇಲ್ಲ, ಇವರ ತಪ್ಪೂ ಇಲ್ಲ. ಕಾಲಿನ ಗಾಯ ಮಾಯದೇ ಇರೋದಕ್ಕೂ ಇದೇ ಕಾರಣ."

"ಔಸ್ದಿ ಇಲ್ವಾ ಸ್ವಾಮಿ?" ಎಂದ ಸಿದ್ದಮಲ್ಲಪ್ಪ.

"ನಂಬೋ ಅಂಥದ್ದು ಇಲ್ಲ. ಆಪರೇಷನ್ ಇದೆ. ಏಟು ಬಿದ್ದ ಚಿಕ್ಕ ವಯಸ್ಸಿನವರಿಗೆ ರಕ್ತನಾಳ ಜೋಡಿಸಿ ನೋಡ್ತಾರೆ, ನಿಮಗೆ ಅದು ಆಗಲ್ಲ. ನೀರು ತುಂಬೋ ಚೀಲ, ಒತ್ತೋ ಗುಂಡಿ ಇರೋದು ಒಂದಿದೆ, ಅದು ಹೊರದೇಶದಿಂದ ಬರಬೇಕು. ನಿಮಗೆ ಆಗೋದು ಅಂದರೆ ಕಡ್ಡಿ. ಸಿಲಿಕೋನ್ ಅಂತ, ರಬ್ಬರಿನ ಹಾಗಿರುತ್ತೆ. ಎರಡು ಕಡ್ಡಿ ಒಳಗಿಟ್ಟು ಹೊಲೀತಾರೆ. ಬಗ್ಗಿಸಿದರೆ ಬಗ್ಗುತ್ತೆ, ಎತ್ತಿದರೆ ನಿಲ್ಲುತ್ತೆ. ಬೆಂಗಳೂರಿನಲ್ಲಿ ನನ್ನ ಸ್ನೇಹಿತರು ಮಾಡ್ತಾರೆ. ಆದರೆ ಮೊದಲು ಸಕ್ಕರೆ ಹತೋಟಿಗೆ ಬರಬೇಕು, ಇಲ್ಲದಿದ್ದರೆ ಗಾಯ ಕೀವಾಗಿ ಕಡ್ಡಿ ತೆಗೆಯಬೇಕಾಗುತ್ತೆ. ಒಂದು ಸಲ ಇಟ್ಟ ಮೇಲೆ ಮೊದಲಿನ ಹಾಗೆ ಮಾಡೋಕೂ ಆಗಲ್ಲ. ಅದಕ್ಕೇ ಅವರು ಹೆಂಡತಿಯ ಒಪ್ಪಿಗೆ ಇಲ್ಲದೆ ಮಾಡಲ್ಲ."

ಒಂದು ಕಾಗದ ಕೊಟ್ಟರು. ಅವಳು ಹೆಬ್ಬೆಟ್ಟು ಒತ್ತಿ ಬೆಂಗಳೂರಿಗೆ ಅಂಚೆಯಲ್ಲಿ ಕಳಿಸಿದರೆ ಅವರು ದಿನ ಗೊತ್ತುಮಾಡುತ್ತಾರೆ.

ಚನ್ನಮಲ್ಲಮ್ಮ ಎದ್ದವಳು ಬಾಗಿಲ ಹತ್ತಿರ ನಿಂತಳು. ಕೇಳದೆ ಹೋದರೆ ಜೀವ ನಿಲ್ಲುವಂತಿರಲಿಲ್ಲ. "ಸ್ವಾಮಿ, ಆ ಕಡ್ಡಿ ಆಕುದ್ ಮ್ಯಾಲ, ಅದು ಯಾರ್ ಎದ್ರುಗಾದ್ರೂ ನಿಲ್ತದಾ?"

ಸಿದ್ದಮಲ್ಲಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಡಾಕ್ಟರು ಮಾತ್ರ ಗಂಭೀರವಾಗಿಯೇ ಹೇಳಿದರು. "ನಿಲ್ಲುತ್ತಮ್ಮ. ಕಡ್ಡಿಗೆ ಮುಖ ಗುರುತು ಸಿಗಲ್ಲ. ಅದೇನಿದ್ದರೂ ಇವರನ್ನ ಕೇಳಬೇಕು."

ಒಪ್ಪಿಗೆಯ ಕಾಗದ ಹಲ್ಲುಪುಡಿ ಡಬ್ಬಿಯ ಪಕ್ಕದಲ್ಲಿ, ಗೂಡಿನಲ್ಲಿ, ಎರಡು ತಿಂಗಳು ಕೂತಿತು. ಸಕ್ಕರೆ ಇಳಿಯಲಿ ಎಂದಳು. ಸಕ್ಕರೆ ಇಳಿಯಿತು, ಬೆರಳಿನ ಗಾಯವೂ ಮಾಯ್ದಿತು. ಕಾಗದ ಅಲ್ಲೇ ಇತ್ತು. ಈಗಿರುವ ಹಾಗೆಯೇ ಇದ್ದರೆ ಅವನು ತನ್ನವನು, ಪೆಟ್ಟಿಗೆಯೊಳಗೆ ಬೀಗ ಹಾಕಿಟ್ಟಷ್ಟು ಭದ್ರ. ವಿಶಾಲಾಕ್ಷಮ್ಮ ಹತ್ತು ವಾಚು ಕಟ್ಟಿಕೊಂಡು ಬಂದರೂ ಹೆದರಿಕೆ ಇಲ್ಲ. ಹೆಬ್ಬೆಟ್ಟು ಒತ್ತಿದರೆ ಆ ಬೀಗವನ್ನು ತಾನೇ ತೆಗೆದ ಹಾಗೆ. ಅವನೂ ಒತ್ತಾಯ ಮಾಡಲಿಲ್ಲ. "ನೀ ಬ್ಯಾಡ ಅಂದ್ರ ಬ್ಯಾಡ ಬುಡು," ಎಂದ.

ಆ ಮಾತೇ ಅವಳನ್ನು ಕೊಂದದ್ದು. ಈಗ ಅವನು ಅಟ್ಟಣೆಗೆ ಹೋಗುತ್ತಿರಲಿಲ್ಲ. ಮನೆಯಲ್ಲೇ, ನೆಂಟನ ಹಾಗೆ ಚಾಪೆಯ ಅಂಚಿನಲ್ಲಿ ಮೈ ಮುದುಡಿಕೊಂಡು ಮಲಗುತ್ತಿದ್ದ. ಯಾವ ಹೊಲಕ್ಕೆ ಏನು ಬಿತ್ತಬೇಕೆಂಬುದಕ್ಕೂ ಅವಳ ಮುಖ ನೋಡುತ್ತಿದ್ದ. ಒಂದು ದಿನ ಅವಳು ಬೇಕೆಂದೇ ಕೆಣಕಿದಳು. "ಮಂಗಳನ್ ಮದ್ವಲಿ ಅವಳ್ನ ಯಾಕ ಟೈಮು ಕೇಳುದ್ರಿ, ಏಳಿ!" ಎಂದಳು. ಮೊದಲಾಗಿದ್ದರೆ ತಟ್ಟೆ ಎಸೆದು ಎದ್ದುಹೋಗುತ್ತಿದ್ದ. ಈಗ ತಲೆ ತಗ್ಗಿಸಿ, "ತಪ್ಪಾಯ್ತು ಕಣ," ಎಂದು ಮುದ್ದೆ ಮುರಿದ.

ಚನ್ನಮಲ್ಲಮ್ಮನಿಗೆ ಅಳು ಬಂತು. ತಾನು ಹೊಟ್ಟೆಕಿಚ್ಚು ಪಡಲಿಕ್ಕೂ ಎಡೆಯಿಲ್ಲದ ಗಂಡನನ್ನು ಕಟ್ಟಿಕೊಂಡು ಮಾಡುವುದೇನು? ಅವಳು ಪ್ರೀತಿ ಎಂದು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ಇಷ್ಟು ವರ್ಷ ಆ ಉರಿಯಲ್ಲೇ ಅದನ್ನು ಬೇಯಿಸಿಕೊಂಡು ಉಂಡಿದ್ದಳು. ಈಗ ಒಲೆಯೇ ಆರಿಹೋಗಿತ್ತು.

ಮಾರನೆಯ ಬೆಳಿಗ್ಗೆ ಟ್ರಂಕಿನ ತಳದಿಂದ ವಿಶಾಲಾಕ್ಷಮ್ಮನಿಗೆ ಬರೆದ ಕವರನ್ನು ತೆಗೆದಳು. ಅದನ್ನು ಯಾರ ಕೈಯಲ್ಲೂ ಓದಿಸಿರಲಿಲ್ಲ. ಕುದಿಯುವ ಅನ್ನದ ಆವಿಗೆ ಹಿಡಿದು ಸ್ಟಾಂಪನ್ನು ಹರಿಯದ ಹಾಗೆ, ಉಗುರಿನಲ್ಲಿ ಮೆಲ್ಲಗೆ ಬಿಡಿಸಿದಳು. ಸೀಲು ಬೀಳದ ಸ್ಟಾಂಪು, ದಂಡ ಯಾಕೆ ಮಾಡಬೇಕು? ಕವರು ಒಲೆಗೆ ಹೋಯಿತು. ಹೆಬ್ಬೆಟ್ಟಿಗೆ ದೀಪದ ಕರಿ ಹಚ್ಚಿಕೊಂಡು ಒಪ್ಪಿಗೆಯ ಕಾಗದದ ಮೇಲೆ ಒತ್ತಿದಳು, ಡಾಕ್ಟರು ವಿಳಾಸ ಬರೆದುಕೊಟ್ಟಿದ್ದ ಕವರಿನೊಳಗೆ ಇಟ್ಟಳು, ಅನ್ನದ ಅಗುಳು ತಿಕ್ಕಿ ಆ ಸ್ಟಾಂಪನ್ನೇ ಅಂಟಿಸಿದಳು. ಗಂಡನನ್ನು ಕರೆದುಕೊಂಡು ತಾಳವಾಡಿಗೆ ಹೊರಟಳು.

ಅವನು ಪೋಸ್ಟಾಫೀಸಿನ ಹೊರಗೆ ಹೊಂಗೆಮರದ ಕೆಳಗೆ ನಿಂತ. ಅವಳು ಕವರನ್ನು ಡಬ್ಬಕ್ಕೆ ಹಾಕದೆ ಪೋಸ್ಟ್ ಮಾಸ್ಟರ ಕೈಗೇ ಕೊಟ್ಟು, ಎದುರಿಗೇ ಸೀಲು ಹೊಡೆಯಬೇಕೆಂದು ನಿಂತಳು. ಅವರು ಹೊಡೆದರು. ಅರ್ಧ ಸ್ಟಾಂಪಿನ ಮೇಲಷ್ಟೇ ಕಪ್ಪು ಬಿತ್ತು.

"ಇನ್ನೊಂದ್ ಸಲ ಒಡೀರಿ ಸ್ವಾಮಿ. ಚೆನ್ನಾಗಿ ಬೀಳ್ಲಿ."

ಎರಡನೆಯ ಪೆಟ್ಟಿಗೆ ಮೇಜು ಅದುರಿತು. ಅವಳು ಹೊರಗೆ ಬಂದಳು. ರಸ್ತೆಯಾಚೆ ಬಸ್ಸಿಗೆ ಕಾದಿದ್ದ ಹೆಂಗಸೊಬ್ಬಳ ಕಡೆ ಸಿದ್ದಮಲ್ಲಪ್ಪ ಸುಮ್ಮನೆ ನೋಡುತ್ತಿದ್ದ. ಚನ್ನಮಲ್ಲಮ್ಮನ ಎದೆಯಲ್ಲಿ ಹಳೆಯ ಕಿಚ್ಚು ಭಗ್ಗೆಂದು ಹೊತ್ತಿಕೊಂಡಿತು. ಎಷ್ಟು ದಿನವಾಗಿತ್ತು!

"ಏನ್ ಅಂಗ್ ನೋಡ್ತ ನಿಂತಿದ್ದರಿ?" ಎಂದು ಅವನ ತೋಳು ಹಿಡಿದು ಎಳೆದಳು. "ನಡೀರಿ ಮನಗ. ಈ ಸಲ ರಾಗಿ ಎದ್ ಮ್ಯಾಲ ಅಟ್ಟಣ ಕಾವಲ್ಗ ನಾನೂ ಬತ್ತಿನಿ."